ಕಲ್ಲುಹೂವಿನ ಅರ್ಧಚಂದ್ರ

ಚಿರತೆಮನೆಯ ಬಾಯಿ ತೆರೆದಿತ್ತು.

ಅದು ತೆರೆದಿದ್ದನ್ನು ನನ್ನ ಕಾಲದಲ್ಲಿ ಯಾರೂ ಕಂಡವರಿಲ್ಲ. ಆಡುಗಳ ಮೇಲೆ ಬೀಳುವ ಚಿರತೆಯನ್ನು ಹಿಡಿಯಲೆಂದು ನಮ್ಮ ಅಜ್ಜಂದಿರು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಉದ್ದನೆಯ ಗೂಡು ಅದು. ಒಬ್ಬ ಮನುಷ್ಯ ಮಲಗುವಷ್ಟು ಉದ್ದ, ತೆವಳಿದರೆ ಮಾತ್ರ ಒಳಗೆ ಹೋಗುವಷ್ಟು ಎತ್ತರ, ಬಾಯಿಗೊಂದು ಚಪ್ಪಡಿ. ಚಿರತೆಗಳು ನಮ್ಮ ಬೆಟ್ಟ ಬಿಟ್ಟು ಎಷ್ಟೋ ಕಾಲವಾಗಿತ್ತು. ಚಪ್ಪಡಿ ಮುಚ್ಚಿಕೊಂಡೇ ಇತ್ತು. ಈ ಸಲದ ಚಳಿಗಾಲದ ಪ್ರವಾಹ ಅದನ್ನು ಪಕ್ಕಕ್ಕೆ ಉರುಳಿಸಿತ್ತು.

"ಫ್ರೈಜ್, ಟಾರ್ಚ್ ಕೊಡು," ಅಂದರು ಡಾಕ್ಟರಮ್ಮ.

"ಒಳಗೆ ಹಾವಿರಬಹುದು."

"ಹಾವಿದ್ರೆ ನೋಡ್ಕೊಂಡು ಕೈ ಹಾಕ್ತೀನಿ. ಕೊಡು."

ಡಾಕ್ಟರ್ ಇನ್ಸಾಫ್ ಕಾಯಿಲೆ ನೋಡುವ ಡಾಕ್ಟರಲ್ಲ. ಇಸ್ಮಾಯಿಲಿಯಾ ಕಡೆಯವರು. ಅರವತ್ತು ದಾಟಿದ, ದಪ್ಪನೆಯ, ಮುಂಗೋಪದ ಹೆಂಗಸು. ಪ್ರತಿ ವಸಂತದಲ್ಲೂ ನಮ್ಮ ಸಿನಾಯ್ ಬೆಟ್ಟಕ್ಕೆ ಬಂದು, ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಕಲ್ಲುಹೂವನ್ನು ಚೂರು ಚೂರೇ ಕೆತ್ತಿ ಕಾಗದದಲ್ಲಿ ಮಡಚಿಡುತ್ತಾರೆ. ಯಾವ ಬಂಡೆ, ಯಾವ ದಿಕ್ಕು ಎಂದು ನಕ್ಷೆಯ ಮೇಲೆ ಬಣ್ಣದ ಚುಕ್ಕೆ ಇಡುತ್ತಾರೆ. ನಾನು ಅವರ ಒಂಟೆಯವನು, ಅಡುಗೆಯವನು, ಬೈಸಿಕೊಳ್ಳುವವನು. ಕಲ್ಲುಹೂವನ್ನು ಕಲ್ಲಿನ ಕಜ್ಜಿ ಅಂದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ನಾನು ಆಗಾಗ ಅನ್ನುತ್ತೇನೆ.

ಆ ದಿನ ಅನ್ನಲಿಲ್ಲ. ಆ ಕೊರಕಲಿಗೆ ಕಾಲಿಡಲು ನನಗೆ ಮನಸ್ಸೇ ಇರಲಿಲ್ಲ. ಚಳಿಗಾಲದ ಮೊದಲಿನಿಂದ ಅಲ್ಲೊಂದು ದನಿ ಕೇಳುತ್ತಿತ್ತು. ಸಂಜೆ ಗಾಳಿ ಎದ್ದಾಗ ಯಾರೋ ದೂರದಿಂದ ಕರೆದ ಹಾಗೆ— ಹೂ… ಓ… ಮತ್ತೆ ಸುಮ್ಮನೆ. ಆಡು ಕಾಯುವ ಹೆಂಗಸರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಅಂದು ಬೆಳಿಗ್ಗೆಯಿಂದ ನನ್ನ ಬೆನ್ನು ತಣ್ಣಗಿತ್ತು.

ಡಾಕ್ಟರಮ್ಮ ಬಗ್ಗಿ ಬೆಳಕು ಬಿಟ್ಟರು. ಬಿಟ್ಟವರು ಹಾಗೇ ನಿಂತರು.

"ಚಪ್ಪಲಿ ಕಾಣ್ತಿದೆ," ಅಂದರು.

ನಾನೂ ಬಗ್ಗಿದೆ. ಟೈರಿನಿಂದ ಕತ್ತರಿಸಿದ ಚಪ್ಪಲಿ. ಹರಿದ ಪಟ್ಟಿಗೆ ನೀಲಿ ದಾರದ ಹೊಲಿಗೆ. ಡಾಕ್ಟರಮ್ಮ ಪೊಟ್ಟಣ ಕಟ್ಟುವ ದಾರ. ಚಪ್ಪಲಿಯೊಳಗೆ ಒಣಗಿ ಕಪ್ಪಾದ ಕಾಲು. ಆಚೆಗೆ, ಕತ್ತಲಲ್ಲಿ, ಬಲ ಮಗ್ಗುಲಿಗೆ ಮಲಗಿದ ಒಂದು ದೇಹ.

"ಅತ್ವಾ," ಅಂದೆ.

"ಅವನು ಕರಾವಳಿಗೆ ಹೋದ ಅಂತ ತಾನೇ ನೀವೆಲ್ಲ ಹೇಳಿದ್ದು?"

"ಹೌದು."

"ಇಲ್ಲಿಗೆ ತೆವಳಿಕೊಂಡು ಬಂದು, ತಾನೇ ಚಪ್ಪಡಿ ಇಳಿಸಿಕೊಂಡನೇನು?"

ಡಾಕ್ಟರಮ್ಮ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ಐದು ವರ್ಷ ಅವರ ಜೊತೆ ಬೆಟ್ಟ ಸುತ್ತಿ, ಅವರ ಕಣ್ಣು ಮಂಜಾದ ಮೇಲೆ ಅವರ ಬದಲು ಹೂವು ಅಳೆದವನು ಅತ್ವಾ. ಶರತ್ಕಾಲದ ಮೊದಲ ಇಬ್ಬನಿ ಬಿದ್ದಾಗ ಚಿರತೆಮನೆಯ ಹೂವುಗಳನ್ನು ಅಳೆದಿಡು ಎಂದು ಅವನಿಗೆ ಹೇಳಿ ಹೋಗಿದ್ದವರೂ ಅವರೇ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ನಾನು ಓಡಿಹೋಗಿ ಜನ ಕರೆತಂದೆ. ಗೂಡು ಇಕ್ಕಟ್ಟು, ಒಬ್ಬನೇ ಒಳಗೆ ಹೋಗಬಹುದು. ಹೋದವನು ಅತ್ವಾನ ಅಣ್ಣ ಮಿತ್ವಲ್ಲಿ. ಒಳಗಿನಿಂದ ಅವನು ದೇಹವನ್ನು ಕಂಬಳಿಗೆ ದೂಡಿದ, ಹೊರಗಿನಿಂದ ನಾವು ಎಳೆದೆವು. ತಲೆಯ ಹಿಂಭಾಗ ಒಡೆದಿತ್ತು. ಮಿತ್ವಲ್ಲಿ ಹೊರಗೆ ಬಂದಾಗ ಅವನ ಗಡ್ಡದ ತುಂಬ ದೂಳು. ಯಾರ ಕಣ್ಣನ್ನೂ ನೋಡದೆ ತಮ್ಮನ ಮುಖದ ಮೇಲೆ ಕಂಬಳಿ ಎಳೆದ.

ಎಲ್ಲರೂ ಹೊರಟ ಮೇಲೆ ಡಾಕ್ಟರಮ್ಮ ಅಂದರು: "ಅವನ ಕೊರಳಲ್ಲಿ ನನ್ನ ಭೂತಗನ್ನಡಿ ಇರ್ತಿತ್ತು. ಒಳಗೆ ಬಿದ್ದಿರಬೇಕು."

ನಾನು ದೇವರ ಹೆಸರು ಹೇಳಿಕೊಂಡು ತೆವಳಿ ಹೋದೆ. ಗೂಡಿನ ಕೊನೆಯಲ್ಲಿ ಒಂದು ರೊಟ್ಟಿಯಗಲದ ಕಲ್ಲು. ಅದರಡಿ ಭೂತಗನ್ನಡಿಯ ದಾರ ಸಿಕ್ಕಿಕೊಂಡಿತ್ತು. ಬಿಡಿಸುವಷ್ಟು ಹೊತ್ತು ಅಲ್ಲಿರಲು ನನ್ನಿಂದಾಗಲಿಲ್ಲ. ಕಲ್ಲು, ಕನ್ನಡಿ ಎರಡನ್ನೂ ಬಾಚಿಕೊಂಡು ಹೊರಬಂದೆ. ಕಲ್ಲಿನ ಒಂದು ಮೈಯಲ್ಲಿ ಕೇಸರಿ ಕಜ್ಜಿ, ಅಂಚಿನಲ್ಲಿ ನೇರವಾಗಿ ತುಂಡಾದ ಹಾಗಿತ್ತು. ಗುಡಾರದ ಹೊರಗೆ ಡಾಕ್ಟರಮ್ಮನ ಕಾಗದಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಆ ಕಲ್ಲನ್ನು ಅವುಗಳ ಮೇಲೆ ಹೇರಿದೆ.

* * *

ಕೆಳಗಿನ ಠಾಣೆಯಿಂದ ಬಂದ ಅಧಿಕಾರಿ ಎರಡು ಲೋಟ ಚಹಾ ಕುಡಿದು, ಏನೋ ಬರೆದುಕೊಂಡು, "ನಿಮ್ಮ ಹಿರಿಯರು ಏನು ತೀರ್ಮಾನ ಮಾಡ್ತಾರೋ ಹೇಳಿಕಳಿಸಿ," ಅಂದು ಇಳಿದುಹೋದ.

ಹೆಣ ಮನೆಯಿಂದ ಹೊರಟಾಗ ಅತ್ವಾನ ಹೆಂಡತಿ ನಸ್ರಾ ಬಾಗಿಲ ಮೆಟ್ಟಿಲ ಬದಿಯಿಂದ ಒಂದು ಕಲ್ಲು ಕಿತ್ತು ತಂದಳು. ನಮ್ಮ ಕಣಿವೆಯ ಮುದುಕಿಯರು ನಡೆಸಿಕೊಂಡು ಬಂದ ರೂಢಿ ಅದು. ಸತ್ತವನ ಸ್ವಂತ ಮನೆಯ ಕಲ್ಲೊಂದನ್ನು ಅವನ ತಲೆಯಡಿ ಇಡಬೇಕು. ತಲೆಗಲ್ಲು ಅನ್ನುತ್ತಾರೆ. ಇಡದಿದ್ದರೆ ಅವನು ಮನೆ ಹುಡುಕಿಕೊಂಡು ಅಲೆಯುತ್ತಾನಂತೆ.

ನಸ್ರಾ ಕಲ್ಲು ಚಾಚಿದಳು. ಮಿತ್ವಲ್ಲಿ ಅದನ್ನೇ ನೋಡುತ್ತ ನಿಂತ.

"ಇನ್ನೊಂದು ಯಾಕೆ?" ಅಂದ.

"ಏನು ಭಾವ?"

"ಏನಿಲ್ಲ. ಕೊಡಮ್ಮ."

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡೆ ನಾನು. ಹೆಂಗಸರ ನಡುವೆ ನಿಂತಿದ್ದ ಡಾಕ್ಟರಮ್ಮ ಏನಂದುಕೊಂಡರೋ ತಿಳಿಯಲಿಲ್ಲ.

ಮಣ್ಣು ಮುಗಿಸಿ ಬಂದು ಎಲ್ಲರೂ ಹಿರಿಯ ಸಬ್ಬಾಹ್‌ನ ಮನೆಯಲ್ಲಿ ಕೂತೆವು. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಗ್ರಹಚಾರ.

"ಚಿರತೆಮನೆ ಅಂದ್ರೆ ನನಗೊಂದು ಮಾತು ನೆನಪಾಗ್ತದೆ," ಅಂದ ಮೂಲೆಯಲ್ಲಿದ್ದ ಒಬ್ಬ.

ಎಲ್ಲರಿಗೂ ನೆನಪಾಯಿತು. ನನಗೂ. ಹಿಂದಿನ ಬೇಸಿಗೆಯಲ್ಲಿ, ಒಂದು ಮದುವೆಯಲ್ಲಿ, ನನ್ನ ತಮ್ಮ ಜುಮಾ ಅತ್ವಾನಿಗೆ ಹಾಕಿದ ಶಾಪ. ಡಾಕ್ಟರಮ್ಮನ ಜೊತೆ ಮೊದಲು ಬೆಟ್ಟ ಹತ್ತುತ್ತಿದ್ದವನು ಜುಮಾ. ಆ ಕೆಲಸ ಅತ್ವಾನ ಪಾಲಾಗಿತ್ತು. ಇನ್ನೂ ಆರದ ಆ ಸಿಟ್ಟಿನಲ್ಲಿ, ಇಡೀ ಕಣಿವೆ ಕೇಳುವ ಹಾಗೆ ಅಂದಿದ್ದ— ಚಿರತೆಮನೆಗೆ ಹೋಗು, ನಿನ್ನ ಎಲುಬು ಅಲ್ಲೇ ಒಣಗಲಿ ಅಂತ.

"ಆ ಬೈಗುಳ ಎಲ್ಲರೂ ಬೈತಾರೆ," ಅಂದೆ ನಾನು. "ನಮ್ಮವ್ವ ನನ್ನನ್ನ ದಿನಾ ಚಿರತೆಮನೆಗೆ ಕಳಿಸ್ತಿದ್ದಳು."

"ನಿನ್ನ ಎಲುಬು ಅಲ್ಲಿ ಸಿಗಲಿಲ್ಲವಲ್ಲ, ಫ್ರೈಜ್," ಅಂದ ಸಬ್ಬಾಹ್. ಅವನು ಕೆಟ್ಟವನಲ್ಲ. ಆದರೆ ತೀರ್ಪು ಹೇಳಲು ಕೂತ ಜಾಗ ಅಂಥದ್ದು. "ಮಿತ್ವಲ್ಲಿ, ನೀನು ಹೇಳು. ಸತ್ತವನು ನಿನ್ನ ತಮ್ಮ. ಹೆಸರು ಹೇಳಬೇಕಾದವನು ನೀನು."

ಮಿತ್ವಲ್ಲಿ ಚಹಾ ಲೋಟ ನೋಡುತ್ತಿದ್ದ. ತಲೆಯೆತ್ತದೆ, "ಜುಮಾ," ಅಂದ.

"ನಾ— ನಾನಲ್ಲ," ಅಂದ ನನ್ನ ತಮ್ಮ. ಅಷ್ಟೇ. ಮುಂದಿನ ಮಾತು ಬಾಯಲ್ಲೇ ಉಳಿಯಿತು.

ಕಂಡವರಿಲ್ಲ, ಸಾಕ್ಷಿಯಿಲ್ಲ. ಹಾಗಿದ್ದಾಗ ನಮ್ಮಲ್ಲಿ ಒಂದೇ ದಾರಿ. ಬಯಲುಸೀಮೆಯಲ್ಲಿ ಬೆಂಕಿಯವನೊಬ್ಬನಿದ್ದಾನೆ. ಕಬ್ಬಿಣದ ಸೌಟನ್ನು ಕೆಂಪಗೆ ಕಾಯಿಸಿ ಮುಂದೆ ಹಿಡಿಯುತ್ತಾನೆ. ಆರೋಪ ಹೊತ್ತವನು ಮೂರು ಸಲ ನೆಕ್ಕಬೇಕು. ನಾಲಿಗೆ ಬೊಕ್ಕೆ ಎದ್ದರೆ ಅಪರಾಧಿ. ರಕ್ತದ ಪರಿಹಾರ ಕೊಟ್ಟು, ಮನೆಮಂದಿಯೆಲ್ಲ ಕಣಿವೆ ಬಿಡಬೇಕು. ಏಳದಿದ್ದರೆ ತಲೆಯೆತ್ತಿ ಮನೆಗೆ ಬರಬಹುದು.

ತಪ್ಪು ಮಾಡದವನ ಬಾಯಲ್ಲಿ ಎಂಜಲಿರುತ್ತದೆ, ಅವನು ಬದುಕುತ್ತಾನೆ ಅನ್ನುತ್ತಾರೆ. ಆದರೆ ನನ್ನ ಜುಮಾ? ಗುಡುಗು ಬಂದರೆ ರೊಟ್ಟಿ ನುಂಗಲಾರದ ಹುಡುಗನಾಗಿದ್ದ ಅವನು. ಹೆದರಿದರೆ ಅವನ ಬಾಯಿ ಒಣಗುತ್ತದೆ, ಮಾತು ತೊದಲುತ್ತದೆ. ಒಣ ನಾಲಿಗೆಗೆ ಕಬ್ಬಿಣ ತಾಗಿದರೆ ತಪ್ಪಿಲ್ಲದವನೂ ಸುಡುತ್ತಾನೆ.

"ನಾಡಿದ್ದು ಬೆಳಿಗ್ಗೆ ಹೊರಡೋದು," ಅಂದ ಸಬ್ಬಾಹ್.

* * *

ಗುಡಾರಕ್ಕೆ ಬಂದಾಗ ಡಾಕ್ಟರಮ್ಮ ನನ್ನ ಮುಖ ನೋಡಲಿಲ್ಲ. ಕಾಗದದ ಮೇಲಿದ್ದ ಕಲ್ಲನ್ನು ಕೈಯಲ್ಲಿ ಹಿಡಿದು, ಕನ್ನಡಿ ಕಣ್ಣಿಗೊತ್ತಿ ಕೂತಿದ್ದರು.

"ಈ ಕಲ್ಲು ಎಲ್ಲಿಂದ ತಂದೆ?"

"ಡಾಕ್ಟರಮ್ಮ, ನನ್ನ ತಮ್ಮನ್ನ—"

"ಗೊತ್ತು. ಕೇಳಿದ್ದಕ್ಕೆ ಹೇಳು. ಎಲ್ಲಿಂದ?"

"ಚಿರತೆಮನೆಯಿಂದ."

"ಸುಳ್ಳು."

"ದೇವರಾಣೆ. ನಿಮ್ಮ ಕನ್ನಡಿ ದಾರ ಅದರಡಿ ಸಿಕ್ಕಿಕೊಂಡಿತ್ತು."

ಅವರು ಕಲ್ಲನ್ನು ಕೆಳಗಿಟ್ಟು ನಕ್ಷೆ ಬಿಡಿಸಿದರು. "ಆ ಕೊರಕಲಲ್ಲಿ ನಾನು ಇಂಚಿಂಚು ನೋಡಿದ್ದೀನಿ. ಕಪ್ಪು ಇದೆ, ಬೂದಿ ಇದೆ, ಹಸಿರಿದೆ. ಕೇಸರಿ ಒಂದು ಚುಕ್ಕೆ ಕೂಡ ಇಲ್ಲ. ಕೇಸರಿ ಹೂವಿಗೆ ಹಿಕ್ಕೆ ಬೇಕು. ಹಕ್ಕಿ ಕೂರೋ ಕಲ್ಲು, ಆಡು ಕಟ್ಟೋ ಗೋಡೆ— ಅಲ್ಲಿ ಮಾತ್ರ ಬೆಳೆಯುತ್ತೆ. ಹಾಗಾದ್ರೆ ಈ ಕಲ್ಲು ಬೇರೆ ಕಡೆಯಿಂದ ಬಂದಿದೆ. ಗೂಡಿನಲ್ಲಿ ಎಲ್ಲಿತ್ತು? ಬಾಯಿ ಹತ್ತಿರವಾ?"

"ಇಲ್ಲ. ಕೊನೇಲಿ."

"ಕಾಲು ಬಾಯಿ ಕಡೆಗಿತ್ತು. ಹಾಗಾದ್ರೆ ಕೊನೇಲಿ ಏನಿತ್ತು?"

"ತಲೆ," ಅಂದೆ. "ತಲೆಗಲ್ಲು."

"ಕೊಂದವನು ಅವನನ್ನ ಎಸೆದಿಲ್ಲ ಫ್ರೈಜ್. ಗೋರಿಯಲ್ಲಿ ಮಲಗಿಸೋ ಹಾಗೆ ಬಲಮಗ್ಗುಲಿಗೆ ಮಲಗಿಸಿ, ತಲೆಯಡಿ ಅವನ ಮನೆ ಕಲ್ಲು ಇಟ್ಟಿದ್ದಾನೆ. ಅವನು ಅಲೆಯಬಾರದು ಅಂತ. ಇದು ಹೊರಗಿನವರು ಮಾಡೋ ಕೆಲಸ ಅಲ್ಲ. ಇನ್ನೊಂದು ವಿಷಯ— ಒಂದು ಇಡೀ ಚಳಿಗಾಲ ಕತ್ತಲಲ್ಲಿದ್ರೆ ಈ ಬಣ್ಣ ಬಿಳಿಚಿಕೊಳ್ತಿತ್ತು. ಇನ್ನೂ ಹೀಗೆ ಉರೀತಿದೆ. ಹೆಣ ಇಟ್ಟು ಎಷ್ಟೋ ದಿನ ಆದ್ಮೇಲೆ ಮತ್ತೆ ಬಂದು ಇದನ್ನ ಇಟ್ಟಿದ್ದಾನೆ. ಚಪ್ಪಡಿಯನ್ನ ಸರಿಯಾಗಿ ಕೂರಿಸದೆ ಹೋಗಿದ್ದಾನೆ. ಪ್ರವಾಹ ಬಂದಾಗ ಅದಕ್ಕೇ ಉರುಳಿದ್ದು."

"ಮತ್ತೆ ಯಾಕೆ ಬಂದ?"

"ದನಿ ಕೇಳಿಸಿದ್ದು ನಿಮ್ಮ ಆಡು ಕಾಯೋರಿಗೆ ಮಾತ್ರ ಅಂದ್ಕೊಂಡ್ಯಾ?"

ನಾನು ಕೊರಕಲಿನ ಕಡೆ ನೋಡಿದೆ. ಗಾಳಿ ಇರಲಿಲ್ಲ. ಆದರೂ ನೋಡಬಾರದಿತ್ತು ಅನ್ನಿಸಿತು.

"ಇಲ್ಲಿ ನೋಡು." ಅವರು ಕೇಸರಿ ಹೂವನ್ನು ಉಗುರಿನಿಂದ ತೋರಿಸಿದರು. ಒಂದು ಕಡೆ ದುಂಡಗೆ ಹಬ್ಬಿ, ಇನ್ನೊಂದು ಕಡೆ ಕಲ್ಲು ಸೀಳಿದ ಅಂಚಿನಲ್ಲಿ ಥಟ್ಟನೆ ನಿಂತಿತ್ತು. "ಕಲ್ಲುಹೂವು ತಾನಾಗಿ ಅರ್ಧ ಬೆಳೆಯೋದಿಲ್ಲ. ಹಿಮಕ್ಕೆ ಸೀಳಿದ ಕಲ್ಲಿನ ಅರ್ಧ ಇದು. ಇನ್ನರ್ಧ ಎಲ್ಲೋ ಒಂದು ಗೋಡೇಲಿ ಕೂತಿದೆ. ಅದು ಯಾರ ಗೋಡೆ?"

ನಕ್ಷೆಯ ಮೇಲೆ ಕೇಸರಿ ಚುಕ್ಕೆಗಳು ಬೆರಳೆಣಿಕೆಯಷ್ಟಿದ್ದವು. ನಾನು ಎಲ್ಲಕ್ಕಿಂತ ಮೊದಲು ನೋಡಿದ ಚುಕ್ಕೆ ನಮ್ಮದೇ ಆಡಿನ ದೊಡ್ಡಿ.

* * *

ಮಾರನೆಯ ಬೆಳಿಗ್ಗೆ ದೊಡ್ಡಿಗೆ ಹೊರಟೆವು. ದಾರಿಯಲ್ಲಿ ಒಂದು ಹಾಳುಬಾವಿ ಇದೆ. ಕಲ್ಲು ನನ್ನ ಚೀಲದಲ್ಲಿತ್ತು. ಎಸೆದುಬಿಡಲೇ? ಎಸೆದರೆ ಜುಮಾನ ಮೇಲೆ ಶಾಪವೊಂದೇ ಸಾಕ್ಷಿ; ಎಸೆಯದೆ ನಮ್ಮ ಗೋಡೆಯಲ್ಲಿ ಆ ಇನ್ನರ್ಧ ಸಿಕ್ಕಿದರೆ? ನನ್ನ ತಮ್ಮನನ್ನು ನಾನು ಬಲ್ಲೆ. ಆದರೂ ಆ ಬಾವಿಯ ಬಳಿ ನನ್ನ ಕಾಲು ನಿಧಾನವಾಯಿತು.

"ಎಸೀಬೇಕು ಅನ್ನಿಸ್ತಿದ್ಯಾ?" ಅಂದರು ಡಾಕ್ಟರಮ್ಮ, ತಿರುಗಿ ನೋಡದೆ.

"ಭಾರ ಅನ್ನಿಸ್ತಿದೆ."

"ಹೊರು."

ಜುಮಾ ದೊಡ್ಡಿಯಲ್ಲೇ ಇದ್ದ. ಕಣ್ಣು ಊದಿತ್ತು. ತುಟಿ ಒಡೆದು ಬಿಳಿಯಾಗಿತ್ತು.

"ಅತ್ವಾನನ್ನ ಕೊನೆಗೆ ಎಲ್ಲಿ ನೋಡಿದೆ?" ಡಾಕ್ಟರಮ್ಮ ಕೇಳಿದರು.

"ಕೊ— ಕೊರಕಲಿಗೆ ಹೋಗ್ತಿದ್ದ. ಕನ್ನಡಿ ಹಾಕ್ಕೊಂಡು."

"ಮಾತಾಡಿಸಿದೆಯಾ?"

"ನಾನು ಮಾತು ಬಿಟ್ಟಿದ್ದೆ. ಅವನೇ ನಕ್ಕ. 'ಚಿರತೆಮನೆಗೇ ಹೋಗ್ತಿದ್ದೀನಿ ಮಾರಾಯ, ನಿನ್ನ ಮಾತು ಮೀರೋಕಾಗುತ್ತಾ' ಅಂದ." ಜುಮಾ ಎಂಜಲು ನುಂಗಲು ನೋಡಿದ, ಆಗಲಿಲ್ಲ. "ನ— ನನಗೂ ನಗು ಬಂತು. ತಿರುಗಿ ನಿಂತುಬಿಟ್ಟೆ. ನಗು ತೋರಿಸಬಾರದು ಅಂತ."

"ಆಮೇಲೆ ಯಾರಾದ್ರೂ ಆ ಕಡೆ ಹೋದ್ರಾ?"

"ನೋಡಲಿಲ್ಲ. ತಿರುಗೇ ಇದ್ದೆನಲ್ಲ."

ಡಾಕ್ಟರಮ್ಮ ಗೋಡೆಯ ಪ್ರತಿ ಕೇಸರಿ ಹೂವಿನ ಮುಂದೆಯೂ ಕುಕ್ಕರಗಾಲಲ್ಲಿ ಕೂತು ನೋಡಿದರು. ದೊಡ್ಡವು, ಚಿಕ್ಕವು, ಆಡು ನೆಕ್ಕಿ ಸವೆಸಿದವು— ಎಲ್ಲವೂ ದುಂಡಗೇ ಇದ್ದವು.

"ಇಲ್ಲಿಲ್ಲ," ಅಂದರು. ನಾನು ಗೋಡೆಗೆ ಒರಗಿ ಕೂತೆ.

ಅಲ್ಲಿಂದ ನಸ್ರಾಳ ಮನೆ. ಗೋಡೆ ಹೊಸದು, ಬೋಳು. ಕೇಸರಿ ಮಾತಿರಲಿ, ಕಪ್ಪು ಕೂಡ ಹತ್ತಿರಲಿಲ್ಲ.

"ಅವನು ಕರಾವಳಿಗೆ ಹೋದ ಅಂತ ನಿನಗೆ ಹೇಳಿದ್ದು ಯಾರು?"

"ಊರೇ ಹೇಳ್ತು." ನಸ್ರಾ ಚಹಾ ಸುರಿದಳು. "ನಾನು ಅಳ್ತಾ ಕೂತಿದ್ದೆ. ಭಾವನೇ ಕರಾವಳಿಗೆ ಹೋಗಿ ಹುಡುಕಿ ಬಂದ್ರು. ಯಾವುದೋ ಹೋಟೆಲಿನಲ್ಲಿ ಕೆಲಸಕ್ಕಿದ್ದಾನಂತೆ, ಬರ್ತಾನೆ ಅಂದ್ರು. ನನಗೆ ಸಮಾಧಾನ ಆಗಲಿ ಅಂತ ಹೇಳಿರಬೇಕು."

"ಅಣ್ಣತಮ್ಮಂದಿರಲ್ಲಿ ಜಗಳ ಏನಾದ್ರೂ?"

"ತೋಟದ ಮಾತು ಒಂದಿತ್ತು. ಮಾವನ ತೋಟ ಕೊಳ್ಳೋಕೆ ಕರಾವಳಿಯವನೊಬ್ಬ ಬರ್ತಿದ್ದ. ಭಾವನಿಗೆ ಮಾರಬೇಕು ಅಂತ, ಇವರಿಗೆ ಬೇಡ ಅಂತ. ಅಣ್ಣತಮ್ಮಂದಿರು ಅಂದ್ಮೇಲೆ ಇರೋದೇ. ಈ ಮನೆ ಕಟ್ಟಿ ಎಷ್ಟು ವರ್ಷ ಆಯ್ತು, ಆದ್ರೂ ಇವರು 'ಮನೆಗೆ ಹೋಗಿ ಬರ್ತೀನಿ' ಅಂದ್ರೆ ಅದು ಆ ತೋಟವೇ. ನಾನು ರೇಗ್ತಿದ್ದೆ— ಹಾಗಾದ್ರೆ ಇದೇನು ಛತ್ರವಾ ಅಂತ."

ಡಾಕ್ಟರಮ್ಮ ಲೋಟ ಕೆಳಗಿಟ್ಟರು. ಚಹಾ ಪೂರ್ತಿ ಕುಡಿಯದೆ ಅವರು ಎದ್ದಿದ್ದನ್ನು ನಾನು ಅದೇ ಮೊದಲು ನೋಡಿದ್ದು.

* * *

ತೋಟದ ಬಾಗಿಲಿಗೆ ಹಳೆಯ ಮರದ ಬೀಗ. ಮರದ ಕೀಲಿ ಮಿತ್ವಲ್ಲಿಯ ಸೊಂಟದಲ್ಲಿರುತ್ತದೆ. "ಮಾರೋ ಮೊದಲು ಇಲ್ಲಿನ ಹೂವು ನಕ್ಷೆಗೆ ಹಾಕ್ಕೋತೀನಿ," ಎಂದು ಡಾಕ್ಟರಮ್ಮ ಹೇಳಿಕಳಿಸಿದ್ದರು. ಅವನು ಇಲ್ಲವೆನ್ನಲಿಲ್ಲ. ನಾಳೆಯ ಪ್ರಯಾಣದ ಮಾತಿದೆ ಎಂದು ಹಿರಿಯ ಸಬ್ಬಾಹ್‌ನನ್ನೂ ಜುಮಾನನ್ನೂ ನಾನು ಕರೆತಂದೆ. ನಸ್ರಾ ಕರೆಯದೆಯೇ ಬಂದಳು.

ಒಳಗೆ ಬಾದಾಮಿ, ದಾಳಿಂಬೆ, ನಡುವೆ ದೊಡ್ಡದೊಂದು ಹಿಪ್ಪುನೇರಳೆ ಮರ. ಅದರ ಕೊಂಬೆ ಗೋಡೆಯ ಮೇಲೆ ಚಾಚಿತ್ತು. ಕರಿಹಕ್ಕಿಗಳು ಹಣ್ಣು ತಿಂದು ಗೋಡೆ ಮೇಲೆ ಹಿಕ್ಕೆ ಹಾಕಿದ್ದವು. ಆ ಗೋಡೆ ಉದ್ದಕ್ಕೂ ಕೇಸರಿ ಬಣ್ಣ ಹಬ್ಬಿತ್ತು. ಹೊರಗಿನಿಂದ ಯಾರಿಗೂ ಕಾಣದ ಒಳಮೈ ಅದು.

ಡಾಕ್ಟರಮ್ಮ ಗೋಡೆಯ ಮುಂದೆ ನಿಧಾನವಾಗಿ ನಡೆದರು. ಮರದ ಬುಡದ ಎದುರಿಗೆ ನಿಂತರು.

"ಫ್ರೈಜ್. ಕಲ್ಲು."

ನಾನು ಚೀಲದಿಂದ ತೆಗೆದೆ. ಮಿತ್ವಲ್ಲಿ ಅದನ್ನು ನೋಡಿದ. ನೋಡಿ, ಅಲ್ಲೇ ಇದ್ದ ನೀರಿನ ಕಟ್ಟೆಯ ಮೇಲೆ ಕೂತ.

"ಇಲ್ಲೊಂದು ಕಲ್ಲು ಹೊಸದಾಗಿ ತುರುಕಿದ್ದಾರೆ," ಅಂದರು ಡಾಕ್ಟರಮ್ಮ. "ಇದರ ಮೈಯಲ್ಲಿ ಹೂವೇ ಇಲ್ಲ. ತೆಗಿ."

ತೆಗೆದೆ. ಕಂಡಿಯ ಪಕ್ಕದಲ್ಲಿ, ಸೀಳಿದ ಕಲ್ಲಿನ ಮೇಲೆ, ಕೇಸರಿ ಅರ್ಧಚಂದ್ರ. ಕೈಯಲ್ಲಿದ್ದ ಕಲ್ಲನ್ನು ಕಂಡಿಗೆ ಇಟ್ಟೆ. ಒಂದಿಷ್ಟು ಮಣ್ಣುದುರಿತು, ಕಲ್ಲು ತನ್ನ ಜಾಗಕ್ಕೆ ಹೋಗಿ ಟಕ್ ಎಂದು ಕೂತಿತು. ಎರಡು ಅರ್ಧ ಸೇರಿ ಅಂಗೈಯಗಲದ ಇಡೀ ಹೂವಾಯಿತು. ಒಂದು ಸಾಸಿವೆ ಕಾಳಿನಷ್ಟೂ ಸಂದಿರಲಿಲ್ಲ.

"ಇದೇನು ಡಾಕ್ಟರಮ್ಮ?" ಸಬ್ಬಾಹ್ ಕೇಳಿದ.

"ಅತ್ವಾನ ತಲೆಯಡಿ ಇದ್ದ ಕಲ್ಲು. ನಿಮ್ಮ ಫ್ರೈಜ್ ಅದನ್ನ ನನ್ನ ಕಾಗದ ಹಾರದಿರಲಿ ಅಂತ ಹೇರಿಟ್ಟಿದ್ದ. ನಾವೆಲ್ಲ ಚಪ್ಪಡಿ ನೋಡಿದ್ವಿ, ಚಪ್ಪಲಿ ನೋಡಿದ್ವಿ, ಇದನ್ನ ನೋಡಲಿಲ್ಲ. ಇದನ್ನ ಇಟ್ಟವನಿಗೆ ಅತ್ವಾ ಸತ್ತಿರೋದು ಗೊತ್ತಿತ್ತು— ಊರೆಲ್ಲ ಅವನು ಕರಾವಳೀಲಿದ್ದಾನೆ ಅಂದ್ಕೊಂಡಿದ್ದಾಗ. ಇಟ್ಟವನಿಗೆ ಈ ಬೀಗ ತೆಗೆಯೋಕೆ ಬರ್ತಿತ್ತು. ಅದೆರಡೂ ಬಿಡಿ. ತಲೆಗಲ್ಲು ಸತ್ತವನ ಮನೆಯಿಂದ ತರಬೇಕು ತಾನೇ? ಅತ್ವಾನ ಮನೆ ಯಾವುದು?"

"ಊರಲ್ಲಿದೆಯಲ್ಲ," ಅಂದ ಸಬ್ಬಾಹ್.

"ನೀವು ಹಾಗಂತೀರಿ. ಜುಮಾ ಆಗಿದ್ರೂ ಅಲ್ಲಿಂದಲೇ ತರ್ತಿದ್ದ. ಕಟ್ಟಿಕೊಂಡ ಹೆಂಡತಿ ಕೂಡ ಅಲ್ಲಿನ ಮೆಟ್ಟಿಲ ಕಲ್ಲೇ ಕಿತ್ತಳು. ಈ ಹಿಪ್ಪುನೇರಳೆ ಮರದ ಬುಡ ಅವನ ಮನೆ ಅಂತ ತಿಳಿದವನು ಒಬ್ಬನೇ. ಇದು ಆ ಒಬ್ಬನದೂ ಮನೆ. ನಸ್ರಾ ಕಲ್ಲು ಚಾಚಿದಾಗ ಅವನ ಬಾಯಲ್ಲಿ ಬಂದ ಮಾತು ಏನು, ಫ್ರೈಜ್?"

"ಇನ್ನೊಂದು ಯಾಕೆ," ಅಂದೆ. ಹೇಳುತ್ತಲೇ ನನಗೆ ಅರ್ಥವಾಯಿತು. "ಇನ್ನೊಂದು ಯಾಕೆ ಅಂದ."

"ಒಂದನ್ನ ಆಗಲೇ ಇಟ್ಟಿದ್ದವನು ಮಾತ್ರ 'ಇನ್ನೊಂದು' ಅಂತಾನೆ. ಅಲ್ವಾ ಮಿತ್ವಲ್ಲಿ?"

ಮಿತ್ವಲ್ಲಿ ತನ್ನ ಅಂಗೈ ನೋಡಿಕೊಂಡ.

"ನಾವಿಬ್ಬರೂ ಈ ಮರದ ಕೆಳಗೇ ಹುಟ್ಟಿದ್ದು," ಅಂದ. "ಅವ್ವ ಹಣ್ಣು ಆರಿಸ್ತಿರುವಾಗ ಅವನು ಹುಟ್ಟಿದ. ನಾನೇ ಮೊದಲು ಎತ್ತಿಕೊಂಡಿದ್ದು."

"ಕೊರಕಲಲ್ಲಿ ಏನಾಯ್ತು?" ಸಬ್ಬಾಹ್ ಕೇಳಿದ.

"ಮಾತಾಡೋಣ ಅಂತ ಹೋದೆ. ಬಂಡೆ ಮೇಲೆ ಬಗ್ಗಿ ಹೂವು ಅಳೀತಿದ್ದ. ನಾನು ತೋಟದ ಮಾತು ಎತ್ತಿದೆ. ಅವನು ಕನ್ನಡಿಯಿಂದ ಕಣ್ಣೇ ತೆಗೀಲಿಲ್ಲ. 'ಈ ಹೂವು ಅಪ್ಪನಿಗಿಂತ ಹಳೇದು ಅಣ್ಣ, ಇದೂ ಜಾಗ ಬಿಟ್ಟು ಹೋಗಿಲ್ಲ' ಅಂದ. ನನಗೆ ಸಿಟ್ಟು ಬಂತು. ಭುಜ ಹಿಡಿದು ಎಳೆದೆ. ಅಷ್ಟೇ. ಕಾಲು ಜಾರಿತು. ಕೆಳಗೆ ಕಲ್ಲಿತ್ತು."

"ಬಂದು ಹೇಳಬಹುದಿತ್ತಲ್ಲ."

"ನಸ್ರಾಳ ಮುಂದೆ ನಿಂತು ಏನಂತ ಹೇಳಲಿ? ಮುಚ್ಚಿಟ್ಟೆ. ಕರಾವಳಿಗೆ ಹೋಗಿ ಬಂದ ಹಾಗೆ ಮಾಡಿದೆ. ಆಮೇಲೆ ಆ ದನಿ ಶುರುವಾಯ್ತು."

"ಅದು ಗಾಳಿ," ಅಂದರು ಡಾಕ್ಟರಮ್ಮ. ಈ ಸಲ ಅವರ ಮಾತು ಮೆತ್ತಗಿತ್ತು. "ಚಪ್ಪಡಿ ಸಂದಿಯಲ್ಲಿ ಗಾಳಿ ಹೊಕ್ಕರೆ ಹಾಗೆ ಕೂಗುತ್ತೆ."

"ನಿಮಗೆ ಗಾಳಿ, ಅಮ್ಮ. ಚಿಕ್ಕವನಿದ್ದಾಗ ಕತ್ತಲಾದ್ರೆ ಅವನು ನನ್ನನ್ನ ಹಾಗೇ ಕೂಗ್ತಿದ್ದ, ಬಂದು ಕರ್ಕೊಂಡು ಹೋಗು ಅಂತ. ನಾನು ಹೋದೆ. ಕರ್ಕೊಂಡು ಬರೋಕೆ ಆಗಲಿಲ್ಲ. ಅದಕ್ಕೇ ಮನೆಯನ್ನೇ ಅಲ್ಲಿಗೆ ತಗೊಂಡು ಹೋದೆ." ಅವನು ಗೋಡೆಯ ಕಲ್ಲನ್ನು ನೋಡಿದ. "ಆದ್ರೂ ನಿಲ್ಲಲಿಲ್ಲ."

ನಸ್ರಾ ಅಳಲಿಲ್ಲ. ಅವನ ಮುಂದೆ ಹೋಗಿ ಕೈ ಚಾಚಿದಳು. ಅವನು ಸೊಂಟದಿಂದ ಮರದ ಕೀಲಿ ಬಿಚ್ಚಿ ಅವಳ ಕೈಗಿಟ್ಟ. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಕಂಡಿಯ ಕಲ್ಲನ್ನು ತಾನೇ ಹೊರಗೆಳೆದಳು.

"ಇದು ಅವರ ಗೋರಿ ಹತ್ತಿರ ಇರಲಿ," ಅಂದಳು. "ಗೋಡೆ ಹೀಗೇ ಇರಲಿ. ಯಾರೂ ಮುಚ್ಚಬೇಡಿ."

"ಜುಮಾನನ್ನ ನೀನೇ ಹೆಸರಿಸಿದೆಯಲ್ಲ," ಅಂದೆ ನಾನು ಮಿತ್ವಲ್ಲಿಗೆ. "ಸೌಟು ನೆಕ್ಕಿಸೋಕೆ ಹೊರಟಿದ್ದೆಯಲ್ಲ. ನಾಳೆ ಬೆಂಕಿ ಮುಂದೆ ಇವನನ್ನ ಕೂರಿಸಿ ಏನು ನೋಡ್ತಿದ್ದೆ ನೀನು?"

"ನಾಲಿಗೆ ಸುಡೋದಿಲ್ಲ ಅಂದ್ಕೊಂಡಿದ್ದೆ," ಅಂದ ಮಿತ್ವಲ್ಲಿ. "ತಪ್ಪಿಲ್ಲದವನು ಸುಡೋದಿಲ್ಲ ಅಂತ ತಾನೇ ನಾವು ಹೇಳೋದು? ಇವನು ಗೆದ್ದು ಬರ್ತಾನೆ, ಯಾರು ಅಂತ ಯಾರಿಗೂ ಗೊತ್ತಾಗದೆ ಹಾಗೇ ನಿಂತುಹೋಗುತ್ತೆ ಅಂದ್ಕೊಂಡಿದ್ದೆ."

ಅವನು ಅದನ್ನು ನಂಬಿದ್ದ. ಆ ಮುಖದಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಇನ್ನೂ ಹೆಚ್ಚು ಭಯ ತರಿಸಿತು.

ಅವನು ಎದ್ದ. ಕಟ್ಟೆಯ ಬಳಿ ಒಂದು ತಗಡಿನ ಡಬ್ಬಿ ಇತ್ತು. ಬುಗ್ಗೆಯ ನೀರು ತುಂಬಿಸಿ ಜುಮಾನ ಮುಂದೆ ಹಿಡಿದ.

"ಬಾಯಿ ಒಣಗಿದೆ ನಿನಗೆ," ಅಂದ. "ನಿನ್ನೆಯಿಂದ ನೋಡ್ತಿದ್ದೀನಿ. ಕುಡಿ."

ನಾನಾಗಿದ್ದರೆ ಆ ಡಬ್ಬಿಯನ್ನು ಅವನ ಮುಖಕ್ಕೆ ಎಸೆಯುತ್ತಿದ್ದೆ. ಜುಮಾ ಎರಡೂ ಕೈಯಲ್ಲಿ ಹಿಡಿದುಕೊಂಡ. ಗಟಗಟನೆ, ನಡುವೆ ಉಸಿರೂ ತೆಗೆಯದೆ, ಗಂಟಲ ಮಣಿ ಏರಿಳಿಯುತ್ತಿರಲು, ಕೊನೆಯ ಹನಿಯವರೆಗೂ ಕುಡಿದ. ಆಮೇಲೆ ಡಬ್ಬಿಯನ್ನು ಅವನಿಗೇ ಹಿಂದಕ್ಕೆ ಕೊಟ್ಟ.